12 ದೊಡ್ಡದೋ, 4127 ದೊಡ್ಡದೋ?

ಇವತ್ತ ಟಿಳಕವಾಡಿ ಮಳ್ಯಾಗ ಚಹಾ ಆರೂದ್ರಾಗ ಬಿಲ್ಡ್ (ಕೋಡಿನಿಂದ ಪ್ಯಾಕೇಜ್ ಕಟ್ಟೂ ಕೆಲಸ) ಹಸಿರಾತು, ಅಂದ್ರ ಪಾಸಾತು. ಪ್ಯಾಕೇಜೂ ತಯಾರ. ಆದ್ರ ಸರ್ವರ್ ಅದನ್ನ ಅಪ್‌ಗ್ರೇಡ್ ಅಂತ ಒಪ್ಪಲೇ ಇಲ್ಲ.

ಕೋಡಿನ ಬದಲಾವಣಿ ಲೆಕ್ಕ ಇಡೂ ಸಬ್‌ವರ್ಷನ್ ಬಿಟ್ಟು, ಅದ ಕೆಲಸದ ಗಿಟ್‌ಗೆ ಬಂದ್ರ ಇದು ಕಾಯಮ್ಮಿನ ತಕರಾರು. ಹಳೇ ಸ್ಕ್ರಿಪ್ಟ್ ಸಬ್‌ವರ್ಷನ್ನಿನ ರಿವಿಜನ್ ನಂಬರನ್ನ (ಪ್ರತಿ ಬದಲಾವಣಿಗೆ ಒಂದ ಏರೂದು) ವರ್ಷನ್ನಿನ ಬಾಲಕ್ಕ ಹಚ್ಚತಿತ್ತು: 1.4.4127. ಗಿಟ್‌ನ್ಯಾಗ ಹಂಗ ಏರ್ಕೋಂತ ಹೋಗೂ ನಂಬರೇ ಇಲ್ಲ. ಗಿಟ್ ಡಿಸ್ಕ್ರೈಬ್ ಅನ್ನೂ ಕಮಾಂಡ್ ಹೇಳೂದು ಕಡೀ ಟ್ಯಾಗ್ (ವರ್ಷನ್ನಿಗೆ ಹಚ್ಚಿದ ಹೆಸರಚೀಟಿ) ಆದಮ್ಯಾಲ ಎಷ್ಟ ಕಮಿಟ್ (ಉಳಿಸಿದ ಬದಲಾವಣಿ) ಅಂತ. ಹಿಂಗಾಗಿ ಹೊಸದು 1.4.12. ಸರ್ವರಿನ್ಯಾಗ ಪ್ಯಾಕೇಜ್ ಹಾಕೂ ಡಿಎನ್‌ಎಫ್ ಕಣ್ಣಿಗೆ 4127ರ ಮುಂದ 12 ಸಣ್ಣದ. ತಪ್ಪು ಅದರದಲ್ಲ ಬಿಡ್ರಿ.

ಇಪಾಕ್ (ವರ್ಷನ್ನಿಗಿಂತ ಮೊದಲ ನೋಡೂ ಅಂಕಿ) ಏರಿಸಿದ್ರ ದಾರಿ ಆಗತೈತಿ ಖರೆ, ಆದ್ರ ಒಮ್ಮೆ ಏರಿಸಿದ್ದು ಮತ್ತ ಇಳಸಾಕ ಬರಂಗಿಲ್ಲ. 1.5 ಅಂತ ಹೊಸ ಟ್ಯಾಗ್ ಹಾಕಿ ಅಲ್ಲಿಂದ ಎಣಸೂದ ಚೊಲೊ. ಡಿಸ್ಕ್ರೈಬ್ ಉತ್ತರದಾಗಿನ ಅಡ್ಡಗೆರಿ (-) ಆರ್‌ಪಿಎಂ ಪ್ಯಾಕೇಜಿನ ವರ್ಷನ್ ಸಾಲಿನ್ಯಾಗ ನಡಿಯಂಗಿಲ್ಲ, ಚುಕ್ಕಿ ಮಾಡ್ರಿ. ಕಮಿಟ್ಟಿನ ಗುರುತಾದ ಹ್ಯಾಶ್ ಅಲ್ಲಿ ಬ್ಯಾಡ, ಅದಕ್ಕ ಹಿಂದ-ಮುಂದ ಅನ್ನೂದ ಗೊತ್ತಿಲ್ಲ.

ಇನ್ನೊಂದ. ಸಬ್‌ವರ್ಷನ್ನಿನಿಂದ ಗಿಟ್‌ಗೆ ಸಾಗಿಸೂ ಗಿಟ್-ಎಸ್‌ವಿಎನ್ ತಂದ ಹಳೇ ಟ್ಯಾಗು ಖರೇ ಟ್ಯಾಗಲ್ಲ, ರಿಮೋಟ್ ಬ್ರಾಂಚ್ ಆಗಿ ಕುಂತಿರತಾವು. ಒಂದೊಂದನ್ನ ಟ್ಯಾಗ್ ಮಾಡಿ ಪುಶ್ ಮಾಡೂ ತನಕಾ ಡಿಸ್ಕ್ರೈಬ್ ಕೈ ಎತ್ತತೈತಿ. ತಾನ ಬಿಲ್ಡ್ ಮಾಡೂ ಸಿಐ ಯಂತ್ರ ಡೆಪ್ತ್ 1 ಇಟ್ಟ (ಕಡೀ ಕಮಿಟ್ ಅಷ್ಟ ತಗೊಂಡು) ಕ್ಲೋನ್ ಮಾಡಿದ್ರೂ ಅದ ಹಾಡು, ಪೂರ್ತಿ ಇತಿಹಾಸ ಟ್ಯಾಗ್ ಸಮೇತ ಎಳೀಬೇಕು.

ಖಾಲಿ ಫೋಲ್ಡರ್ ಗಿಟ್ ಹಿಡಿಯಂಗಿಲ್ಲ. ಲಾಗ್ ಫೋಲ್ಡರ್ ಇಲ್ಲಂತ ಇನ್‌ಸ್ಟಾಲ್ ಹಂತದಾಗ ಬಿದ್ರ, ಪ್ಯಾಕೇಜ್ ಕಟ್ಟೂ ವಿಧಾನ ಬರದ ಸ್ಪೆಕ್ ಫೈಲಿನ್ಯಾಗ ಫೋಲ್ಡರ್ ಮಾಡೂ ಒಂದ ಎಂಕೆಡಿರ್ ಸಾಲು ಸಾಕು.

ಚಹಾ ಆರಿಹೋತು. ಇನ್ನೊಂದ ಕಪ್ ಹೇಳಬೇಕು.