ಸ್ವಾತಂತ್ರ್ಯ ಬಂತು, ಹೊಲ ಬರಲಿಲ್ಲ

ಕೀನ್ಯಾದ ರಾಜಧಾನಿ ನೈರೋಬಿಯ ಹಿರಿಯರ ಜೊತೆ ರಾಜಕೀಯ ಮಾತಿಗೆ ಕೂತರೆ, ಎಲ್ಲಿಂದ ಶುರುವಾದರೂ ಮಾತು ಭೂಮಿಗೇ ಬಂದು ಮುಟ್ಟುತ್ತದೆ. ಇಲ್ಲಿನ ಗಿಕುಯು ಬುಡಕಟ್ಟಿನ ರೈತರ ನೆಲವನ್ನು ಬಿಳಿಯರು ಕಿತ್ತುಕೊಂಡಿದ್ದರು. 1950ರ ದಶಕದಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದ ಮಾವ್ ಮಾವ್ ಹೋರಾಟಗಾರರು ಕಾಡು ಸೇರಿದ್ದು ಅದಕ್ಕಾಗಿಯೇ. ಅವರಿಗೆ ಊಟ, ಸುದ್ದಿ ಮುಟ್ಟಿಸಿದವರು ಹಳ್ಳಿಯ ಹೆಂಗಸರು. 1963ರ ಡಿಸೆಂಬರ್ 12ರಂದು ಸ್ವಾತಂತ್ರ್ಯ ಬಂತು. ಬಿಳಿಯರ ತೋಟಗಳೂ ಕೈಬದಲಾದವು, ಆದರೆ ದುಡ್ಡಿಗೆ. ಸೆರೆಯಿಂದ ಬರಿಗೈಲಿ ಮರಳಿದವನು ಅದನ್ನು ಎಲ್ಲಿಂದ ತಂದಾನು? ಮಾವ್ ಮಾವ್ ಮೇಲಿನ ನಿಷೇಧ ತೆರವಾದದ್ದೇ 2003ರಲ್ಲಿ!

ಇಲ್ಲಿನ ಲೇಖಕ ಗೂಗಿ ವಾ ಥಿಯಾಂಗೊ ಅವರ 1967ರ ಕಾದಂಬರಿ 'ಎ ಗ್ರೇನ್ ಆಫ್ ವೀಟ್'ನಲ್ಲಿ ಒಂದು ಪ್ರಸಂಗವಿದೆ. ಬಂಧನ ಶಿಬಿರದಿಂದ ಬಂದ ಬಡಗಿ ಗಿಕೊನ್ಯೊ, ಊರಿನ ಕೆಲವರೊಡನೆ ಸೇರಿ ಬಿಳಿಯನೊಬ್ಬನ ತೋಟ ಕೊಳ್ಳಬೇಕೆಂದು ಸಾಲಕ್ಕಾಗಿ ಎಂಪಿಯ ಬಳಿ ಹೋಗುತ್ತಾನೆ. ಎಂಪಿ ಭರವಸೆ ಕೊಟ್ಟು ಕಳಿಸುತ್ತಾನೆ. ಕೊನೆಗೆ ತೋಟ ಕೊಂಡವನು ಆ ಎಂಪಿಯೇ. ನಂಬಿದವರ ಎದೆ ಒಡೆಯುವುದನ್ನು ಇಷ್ಟು ಸರಳವಾಗಿ ಹೇಳಿದ ಬರಹವನ್ನು ನಾನು ಬೇರೆಲ್ಲೂ ಓದಿಲ್ಲ. 1977ರಲ್ಲಿ ಕಮಿರೀಥು ಹಳ್ಳಿಯ ರೈತರು, ಕೂಲಿಗಳೊಡನೆ ಗೂಗಿ ಗಿಕುಯು ಭಾಷೆಯ ನಾಟಕ ಆಡಿಸಿದಾಗ ಸರ್ಕಾರ ಅದನ್ನು ನಿಲ್ಲಿಸಿತು. ಅವರನ್ನು ವಿಚಾರಣೆಯಿಲ್ಲದೆ ಕಮೀತಿ ಎಂಬ ಜೈಲಿಗೆ ಹಾಕಿತು. ಬ್ರಿಟಿಷರು ಮಾವ್ ಮಾವ್ ನಾಯಕ ದೇದಾನ್ ಕಿಮಾಥಿಯನ್ನು ಗಲ್ಲಿಗೇರಿಸಿದ ಜೈಲೇ ಅದು.

ಹಾಗೆಂದು ಇಲ್ಲಿನ ಜನ ಸೋತು ಕೂತಿಲ್ಲ. 2024ರ ಜೂನ್‌ನಲ್ಲಿ ತೆರಿಗೆ ಮಸೂದೆಯ ವಿರುದ್ಧ ಬೀದಿಗಿಳಿದ ಹುಡುಗ ಹುಡುಗಿಯರು ತಮಗೆ ನಾಯಕನಿಲ್ಲ, ಪಕ್ಷವಿಲ್ಲ, ಬುಡಕಟ್ಟಿಲ್ಲ ಎಂದರು. ಹಲವರು ಗುಂಡಿಗೆ ಬಲಿಯಾದರು, ಮಸೂದೆ ಹಿಂದಕ್ಕೆ ಹೋಯಿತು. ಅಜ್ಜಂದಿರು ನಾಯಕರನ್ನು ನಂಬಿ ಕೆಟ್ಟರು. ಮೊಮ್ಮಕ್ಕಳು ನಾಯಕರನ್ನೇ ದೂರವಿಟ್ಟು ಸಂಘಟನೆ ಕಟ್ಟುತ್ತಿದ್ದಾರೆ. ಇದನ್ನು ನಿರಾಶೆ ಎನ್ನಲು ನನಗೆ ಮನಸ್ಸಿಲ್ಲ.

ಊರಿನವರಿಗೆ ಹೇಳಲೇಬೇಕಾದ ಹೆಸರು ಪಿಯೊ ಗಾಮಾ ಪಿಂಟೊ. ನೈರೋಬಿಯಲ್ಲಿ ಹುಟ್ಟಿದ ಗೋವಾ ಮೂಲದ ಇವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಮಾವ್ ಮಾವ್‌ಗೆ ನೆರವಾಗಿ 1954ರಿಂದ ವರ್ಷಗಟ್ಟಲೆ ಬಂಧನದಲ್ಲಿದ್ದರು. ಮುಂದೆ ಸಂಸದರಾದರೂ ಭೂಮಿಯ ಪ್ರಶ್ನೆ ಬಿಡಲಿಲ್ಲ. 1965ರ ಫೆಬ್ರವರಿ 24ರಂದು, ಕಾರಿನಲ್ಲಿ ಪುಟ್ಟ ಮಗಳಿದ್ದಾಗಲೇ, ಮನೆಯ ಎದುರು ಅವರನ್ನು ಗುಂಡಿಟ್ಟು ಕೊಂದರು. ಕೊಲ್ಲಿಸಿದ್ದು ಯಾರೆಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಧಾರವಾಡದ ಗೆಳೆಯರು ಯಾರಾದರೂ ಕಾಲೇಜಿನ 1940ರ ದಶಕದ ದಾಖಲೆಗಳಲ್ಲಿ ಇವರ ಹೆಸರು ಹುಡುಕಿ ತಿಳಿಸುತ್ತೀರಾ?