ತೇಲಿದ ಸಂಪ್

ಉಡುಪಿ ಕಡೆಯ ಒಂದು ಅಪಾರ್ಟ್‌ಮೆಂಟ್ ಕೆಲಸದಲ್ಲಿ ನಾನು ಸೈಟ್ ಎಂಜಿನಿಯರ್ ಆಗಿದ್ದೆ. ನೆಲದೊಳಗಿನ ಸಂಪ್‌ಗೆ ತಳ, ಗೋಡೆ ಎರಡೂ ಆಗಿದ್ದವು. ಮೇಲಿನ ಸ್ಲ್ಯಾಬ್ ಬಾಕಿ, ಸುತ್ತ ಮಣ್ಣು ತುಂಬುವುದೂ ಬಾಕಿ. ನೀರು ತುಂಬಿಸಿ ಸೋರಿಕೆ ನೋಡಿಯಾಗಿತ್ತು. ಒಳಗೆ ಗಾರೆ ಶುರುಮಾಡಲೆಂದು ಶನಿವಾರ ಆ ನೀರನ್ನು ಖಾಲಿ ಮಾಡಿಸಿದವನು ನಾನೇ. ಗುಂಡಿಯ ನೀರೆತ್ತುವ ಡೀಸೆಲ್ ಪಂಪ್ ಭಾನುವಾರ ಬೇಡ ಎಂದವನೂ ನಾನೇ. ಕರಾವಳಿಯಲ್ಲಿ, ಅದೂ ಜೂನ್ ತಿಂಗಳಲ್ಲಿ!

ಸೋಮವಾರ ಬೆಳಿಗ್ಗೆ ಮೇಸ್ತ್ರಿಯ ಫೋನ್. "ಸರ್, ಸಂಪ್ ಎದ್ದಿದೆ." ಬಿದ್ದಿದೆ ಎಂದೇ ನನ್ನ ಕಿವಿಗೆ ಕೇಳಿಸಿತು. ಹೋಗಿ ನೋಡಿದರೆ ಗುಂಡಿಯ ತುಂಬ ಕೆಂಪು ನೀರು. ನಡುವೆ ಕಾಂಕ್ರೀಟ್ ತೊಟ್ಟಿ ಒಂದು ಮೂಲೆ ಎತ್ತಿಕೊಂಡು ದೋಣಿಯಂತೆ ವಾಲಿ ನಿಂತಿತ್ತು.

ಲೆಕ್ಕ ಹಾಕಿದ್ದು ಆಮೇಲೆ, ಸಿಮೆಂಟ್ ಚೀಲದ ಹಿಂಬದಿಯಲ್ಲಿ. ಹೊರ ಅಳತೆ 4 ಮೀಟರ್ ಉದ್ದ, 3 ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರ. ತಳ, ಗೋಡೆ ತಲಾ 150 ಮಿಲಿಮೀಟರ್ ದಪ್ಪ. ಘನ ಮೀಟರಿಗೆ ಎರಡೂವರೆ ಟನ್ ಎಂದರೂ ಒಟ್ಟು ತೂಕ ಸುಮಾರು 16 ಟನ್. ತಳದ ವಿಸ್ತಾರ 12 ಚದರ ಮೀಟರ್. ಹೊರಗಿನ ನೀರು 1.4 ಮೀಟರ್ ಏರಿದರೆ ತಳದ ಪ್ರತಿ ಚದರ ಮೀಟರನ್ನೂ ಅಡಿಯಿಂದ 1,400 ಕಿಲೋ ಒತ್ತುತ್ತದೆ, ಒಟ್ಟು 16.8 ಟನ್. ಕಬ್ಬಿಣವಾಗಲಿ ಕಾಂಕ್ರೀಟಾಗಲಿ, ತಾನು ಪಕ್ಕಕ್ಕೆ ತಳ್ಳಿದ ನೀರಿಗಿಂತ ಹಗುರವಾದರೆ ತೇಲಲೇಬೇಕು. ತಳದ ಕೆಳಗೆ ಬೆಡ್, ಅಂದರೆ ಕಾಂಕ್ರೀಟ್ ಹಾಸು, ಹಾಕಿದ್ದೆವಲ್ಲ, ನೀರು ಅಲ್ಲಿಗೆ ಹೇಗೆ ಹೋಯಿತು ಎಂದು ವಾದಿಸಿದವರಿದ್ದರು. ಎರಡರ ನಡುವೆ ಕೂದಲೆಳೆಯಷ್ಟು ಸಂದಿದ್ದರೂ ಒತ್ತಡ ಅಲ್ಲಿಗೆ ತಲುಪುತ್ತದೆ.

ನನ್ನ ತಲೆಯಲ್ಲಿದ್ದದ್ದು ಗಟ್ಟಿತನ ಮಾತ್ರ. ಒಳಗಿನ 20,000 ಲೀಟರ್ ನೀರು ಗೋಡೆಯನ್ನು ಹೊರಕ್ಕೆ ನೂಕುತ್ತದೆ, ಅದಕ್ಕೆ ಕಂಬಿ ಸಾಕೇ ಎಂದು ಹತ್ತು ಸಲ ನೋಡಿದ್ದೆ. ಕಂಬಿ ಎಷ್ಟಿದ್ದರೇನು, ಮೇಲಕ್ಕೆತ್ತುವ ಬಲಕ್ಕೆ ಎದುರು ನಿಲ್ಲಬೇಕಾದದ್ದು ತೂಕ. ಖಾಲಿ ಮಾಡದೆ ಒಂದೂವರೆ ಮೀಟರ್ ನೀರು ಒಳಗೇ ಬಿಟ್ಟಿದ್ದರೆ 15 ಟನ್ ಸೇರುತ್ತಿತ್ತು; ಗುಂಡಿ ಅಂಚಿನವರೆಗೆ ತುಂಬಿದ್ದರೂ ತೊಟ್ಟಿ ಅಲುಗುತ್ತಿರಲಿಲ್ಲ.

ನೀರೆತ್ತಿದರೆ ಮತ್ತೆ ಸ್ವಸ್ಥಾನಕ್ಕೆ ಇಳಿಯಬಹುದೆಂಬ ಆಸೆಯಿತ್ತು. ಇಳಿಯಿತು, ಆದರೆ ಅಷ್ಟರಲ್ಲಿ ಅಡಿಗೆ ಕೆಸರು ನುಗ್ಗಿತ್ತು. ಸೊಟ್ಟಗೆ ಕೂತು ತಳ ಬಿರುಕು ಬಿಟ್ಟಿತು. ಒಡೆದು ಹೊಸದಾಗಿ ಕಟ್ಟಿದೆವು. ಖರ್ಚು ಯಾರ ತಲೆಗೆ ಎಂಬ ಜಗಳವನ್ನು ಇಲ್ಲಿ ಬರೆಯುವುದಿಲ್ಲ.

ಸ್ಲ್ಯಾಬ್ ಹಾಕಿದ ಮೇಲೆ ಭಯವಿಲ್ಲ ಎನ್ನುವಂತೆಯೂ ಇಲ್ಲ. ಅದೂ ಸೇರಿ ತೂಕ 21 ಟನ್ ಮುಟ್ಟುವುದಿಲ್ಲ. ನೀರು ಮೇಲಿನವರೆಗೆ ಬಂದರೆ ಎತ್ತುವ ಬಲ 30 ಟನ್. ಅದಕ್ಕೇ ಈಗ ನಕ್ಷೆ ಕೈಗೆ ಬಂದೊಡನೆ ತಳದ ಸ್ಲ್ಯಾಬ್ ಗೋಡೆಯಿಂದ ಹೊರಗೆ ಚಾಚಿದೆಯೇ ಎಂದು ನೋಡುತ್ತೇನೆ. ಆ ಚಾಚಿನ ಮೇಲೆ ಕೂರುವ ಮಣ್ಣೇ ತೊಟ್ಟಿಯನ್ನು ಅದುಮಿ ಹಿಡಿಯುತ್ತದೆ. ಸಂಪ್ ತೊಳೆಯುವ ಕೆಲಸವನ್ನು ಜುಲೈನಲ್ಲಿ ಇಟ್ಟುಕೊಳ್ಳಬೇಡಿ ಎಂದು ಮನೆಯವರಿಗೂ ಹೇಳುತ್ತೇನೆ. ಕೆಲವರು ತಳದಲ್ಲಿ ಪೈಪ್ ಬಿಟ್ಟು ಹೊರಗಿನ ನೀರು ತಾನಾಗಿ ಒಳಬರುವಂತೆ ಮಾಡುತ್ತಾರೆ. ಆ ಉಪಾಯ ನನಗೆ ಹಿಡಿಸಿಲ್ಲ; ಮುಚ್ಚಿದ ತೂತಿನಲ್ಲೇ ಆಮೇಲೆ ಸೋರುವುದನ್ನು ಕಂಡಿದ್ದೇನೆ.

ಕಳೆದ ಮಳೆಗಾಲ ಇನ್ನೊಂದು ಸೈಟಿನಲ್ಲಿ, ಅರ್ಧ ಸಂಪ್ ತುಂಬಿಸಿಡಿ ಎಂದೆ. "ಅಷ್ಟು ನೀರಿಗೆ ಎಷ್ಟು ಟ್ಯಾಂಕರ್ ತರಿಸಲಿ?" ಎಂದು ಕಾಂಟ್ರ್ಯಾಕ್ಟರ್ ಮುಖ ಗಂಟಿಕ್ಕಿದರು. ಗುಂಡಿಯ ನೀರನ್ನು ಚರಂಡಿಗೆ ಬಿಡುತ್ತಿದ್ದ ಪಂಪಿನ ಪೈಪನ್ನು ಎಳೆದು ತಂದು ಸಂಪ್‌ನೊಳಕ್ಕೆ ಹಾಕಿಸಿದೆ.