ಅಜ್ಜಿ ಹಿಂಗಂದಳಾ?

ಕಾಲೇಜಿನ ಸಂಚಿಕೆಗೆ ಬರೆದು ಕೊಡು ಅಂದಾಗ ಮೊದಲು ನೆನಪಾಗಿದ್ದು ನಮ್ಮ ಕನ್ನಡ ಮೇಷ್ಟ್ರ ಕೆಂಪು ಪೆನ್ನು. ಎರಡನೇ ವರ್ಷದಲ್ಲಿ ಜನಪದ ಗೀತೆ ಸಂಗ್ರಹಿಸಿ ತರಲು ಹೇಳಿದ್ದರು. ನಾನು ಅಜ್ಜಿ ಹತ್ತಿರ ಕೂತು ಬೀಸುವ ಪದ ಬರೆದುಕೊಂಡೆ. ಆಮೇಲೆ ಅವಳ ಬಳ್ಳಾರಿ ಕನ್ನಡವನ್ನೆಲ್ಲ ‘ಶುದ್ಧ’ ಮಾಡಿದೆ. ನಡುವೆ ನುಸುಳಿದ್ದ ತೆಲುಗು ಮಾತುಗಳನ್ನು ಕಿತ್ತು ಹಾಕಿದೆ. ಮೇಷ್ಟ್ರು ಅಂಕ ಹಾಕಲಿಲ್ಲ. ‘ಅಜ್ಜಿ ಹಿಂಗಂದಳಾ?’ ಅಂತ ಬರೆದು ವಾಪಸ್ ಕೊಟ್ಟರು. ಮಾರ್ಚ್ ಬಿಸಿಲಲ್ಲಿ ಸೈಕಲ್ ತುಳಿದು ಮತ್ತೆ ಊರಿಗೆ ಹೋದೆ. ದಾರಿಯುದ್ದಕ್ಕೂ ಮೇಷ್ಟ್ರನ್ನು ಬೈದುಕೊಂಡೇ ಹೋದೆ ಅನ್ನಿ.

ಈಗ ನಾನು ಬಳ್ಳಾರಿ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ಚಾಪ್ಲಿನ್. ಹೆಸರು ಕೇಳಿ ಹಳೆ ಗೆಳೆಯರು ಮೀಸೆ ಎಲ್ಲಿ, ಕೋಲು ಎಲ್ಲಿ ಅಂತಾರೆ. ಚರ್ಚಿನಲ್ಲಿ ಸಭೆ ನೋಡಿಕೊಳ್ಳುವವರು ಪಾಸ್ಟರ್. ಆಸ್ಪತ್ರೆ, ಜೈಲು, ಇಂಥ ಕಡೆ ಜನರ ಜೊತೆ ಇರುವವರು ಚಾಪ್ಲಿನ್. ನಮ್ಮಲ್ಲಿ ಇರುವವರ ಪೈಕಿ ಕ್ರೈಸ್ತರು ಕಡಿಮೆ. ಯಾರನ್ನೂ ನನ್ನ ದೇವರ ಕಡೆ ಎಳೆಯೋದು ನನ್ನ ಕೆಲಸ ಅಲ್ಲ. ಅಯ್ಯನವರು ಬೇಕು ಅಂದವರಿಗೆ ಅಯ್ಯನವರನ್ನು ಕರೆಸುತ್ತೇನೆ. ರಂಜಾನ್‌ನಲ್ಲಿ ಒಬ್ಬ ಅಜ್ಜನನ್ನು ಸಹರಿಗೆ, ಅಂದರೆ ಉಪವಾಸಕ್ಕೆ ಮೊದಲಿನ ನಸುಕಿನ ಊಟಕ್ಕೆ, ಎಬ್ಬಿಸಲು ಆಯಾಗೆ ಹೇಳಿ ಹೋಗುತ್ತೇನೆ. ಯಾರಾದರೂ ತೀರಿಕೊಂಡರೆ ಮಕ್ಕಳು ಬರುವ ತನಕ ಪಕ್ಕದಲ್ಲಿ ಕೂತಿರುತ್ತೇನೆ. ಆಮೇಲೆ ಆಯಾಗಳ ಜೊತೆ ಚಹಾ. ಎರಡು ವರ್ಷ ಮೈ ತೊಳೆದವರಿಗೂ ಅಳು ಬರುತ್ತೆ, ಅಲ್ವಾ? ಅವರನ್ನು ಯಾರೂ ಮಾತಾಡಿಸೋದಿಲ್ಲ.

ಇದಕ್ಕೂ ಟ್ರೇನಿಂಗ್ ಇದೆಯಾ ಅಂತ ಕೇಳ್ತಾರೆ. ಇದೆ, ಸಿಪಿಇ ಅಂತ, ಅಂದರೆ ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್. 1925ರಲ್ಲಿ ಅಮೆರಿಕದ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಆಂಟನ್ ಬಾಯ್ಸನ್ ಎಂಬ ಪಾದ್ರಿ ಶುರು ಮಾಡಿದ್ದು. ಅವರೇ ಮೊದಲು ಮಾನಸಿಕ ರೋಗಿಯಾಗಿ ಆಸ್ಪತ್ರೆಯಲ್ಲಿ ಇದ್ದು ಬಂದವರು. ಪಾದ್ರಿಯಾಗುವವನು ಪುಸ್ತಕ ಓದಿದ ಹಾಗೆ ಮನುಷ್ಯರನ್ನೂ ಓದಬೇಕು ಅನ್ನೋದು ಅವರ ಹಟ. ಒಂದು ಯೂನಿಟ್ ಅಂದರೆ 400 ಗಂಟೆ. ಪಾಠ ಕಡಿಮೆ, ವಾರ್ಡ್ ಜಾಸ್ತಿ.

ವಾರ್ಡಿನಿಂದ ಬಂದು ವರ್ಬ್ಯಾಟಿಂ ಬರೆಯಬೇಕು. ಆಡಿದ ಮಾತು ಆಡಿದ ಹಾಗೇ, ಸಾಲಿಗೊಂದು ನಂಬರು. ಅವರು 1, ನಾನು 1, ಹೀಗೆ. ಸುಮ್ನೆ ಕೂತಿದ್ದರೆ ಅದನ್ನೂ ಬರೆಯಬೇಕು. ಬರೆದದ್ದನ್ನು ಗುಂಪಿನ ಮುಂದೆ ಓದಬೇಕು.

ನಾನು ಕಲಿತದ್ದು ತಮಿಳುನಾಡಿನಲ್ಲಿ. ಸಿಂಧನೂರು ಕಡೆಯ ಒಬ್ಬ ರೈತರಿಗೆ ಅಲ್ಲಿ ಕಾಲು ತೆಗೆದಿದ್ದರು, ಸಕ್ಕರೆ ಕಾಯಿಲೆ. ಕನ್ನಡ ಕಿವಿಗೆ ಬಿದ್ದದ್ದೇ ತಡ, ನನ್ನ ಕೈ ಹಿಡಿದುಕೊಂಡರು. ‘ಈ ಸಲ ಗದ್ದಿಗೆ ಯಾರು ಇಳೀತಾರಪಾ?’ ಅಂದರು. ನಾನು ‘ದೇವರು ನೋಡ್ಕೊಳ್ತಾನೆ ಬಿಡ್ರಿ’ ಅಂದೆ. ಅವರು ಕೈ ಬಿಟ್ಟು ಗೋಡೆ ಕಡೆ ತಿರುಗಿದರು.

ರಾತ್ರಿ ಬರೆಯಲು ಕೂತಾಗ ನನ್ನ ಸಾಲು ನನಗೇ ಹಿಡಿಸಲಿಲ್ಲ. ಸ್ವಲ್ಪ ತಿದ್ದಿದೆ. ಕಾಳಜಿಯ ಎರಡು ಮಾತು ಸೇರಿಸಿದೆ. ಮರುದಿನ ಓದಿದೆ. ನಮಗೆ ಕಲಿಸುತ್ತಿದ್ದ ಮೇಡಂ ಕನ್ನಡಕ ತೆಗೆದು, ‘ನೀವು ನಿಜವಾಗಿ ಹೀಗೇ ಹೇಳಿದ್ರಾ?’ ಅಂದರು. ನಾನು ತಲೆ ಎತ್ತಲಿಲ್ಲ. ಸೈಕಲ್ಲು, ಆ ಬಿಸಿಲು, ಎಲ್ಲ ನೆನಪಾಯಿತು.

ನಮ್ಮ ಆಶ್ರಮದಲ್ಲಿ ನಾರಾಯಣದೇವರಕೆರೆಯ ಒಬ್ಬ ಅಜ್ಜಿ ಇದ್ದಾರೆ. 1953ರ ಹೊತ್ತಿಗೆ ತುಂಗಭದ್ರಾ ಡ್ಯಾಮಿನ ನೀರಲ್ಲಿ ಮುಳುಗಿದ ಊರು ಅದು. ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಆಗ ಇವರು ಚಿಕ್ಕ ಹುಡುಗಿ. ಈಗ ಸಂಜೆಯಾದರೆ ಸೀರೆ ಗಂಟು ಕಟ್ಟಿಕೊಂಡು ಬಾಗಿಲಿಗೆ ಬರುತ್ತಾರೆ. ‘ಊರಿಗೆ ಹೋಗ್ಬೇಕು, ಬಸ್ಸು ಹತ್ತಿಸು.’ ನಾಳೆ ಹೋಗೋಣ ಅಂತ ಎಲ್ಲರೂ ಹೇಳಿ ಕಳಿಸೋರು. ನಾನೂ ಎಷ್ಟೋ ದಿನ ಹಾಗೇ ಹೇಳಿದ್ದೆ.

ಮೊನ್ನೆ ಪಕ್ಕದಲ್ಲಿ ಕೂತು, ‘ಊರಾಗ ನಿಮ್ಮ ಮನಿ ಎಲ್ಲಿತ್ತವ್ವಾ?’ ಅಂದೆ. ಶುರುವಾಯಿತು ನೋಡಿ. ಬಾವಿ, ಓಣಿ, ಬೇವಿನ ಗಿಡ, ಯಾರ ಮನೆ ಕಟ್ಟೆ ಎತ್ತರ. ಜೇಬಿನ ಪುಸ್ತಕ ತೆಗೆದು ಬರೆದುಕೊಂಡೆ. ಬರೆದದ್ದನ್ನು ಓದಿ ಹೇಳಿದೆ: ‘ಮನಿ ಹನುಮಪ್ಪನ ಗುಡಿ ಹಿಂದ.’

‘ಹಿಂದ ಎಲ್ಲಿ ಅಂದೆ?’ ಅಂತ ಗದರಿದರು. ‘ಬಾಜುಕ. ನೆಟ್ಟಗ ಬರಕೋ.’